ಕಾದಂಬರಿ ಓದಿ ಮುಗಿಸಿದ ಮೇಲೆ ಅಭಿಪ್ರಾಯ ಬರೆಯೋದು ಹೇಗೆ?

ಪ್ರಶ್ನೆ: ದಪ್ಪ ಕಾದಂಬರಿ ಮುಗಿಸಿ ಬರೆಯಲು ಕೂತರೆ ‘ಚೆನ್ನಾಗಿದೆ’ ಬಿಟ್ಟು ಬೇರೇನೂ ಹೊಳೆಯಲ್ಲ. ಕಥೆಯ ಗುಟ್ಟು ಬಿಟ್ಟುಕೊಡದೆ ಬರೆಯೋದು ಹೇಗೆ?

ಉತ್ತರ 1: ಓದುವಾಗಲೇ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಪುಟಸಂಖ್ಯೆ, ಪಕ್ಕದಲ್ಲಿ ಎರಡೇ ಪದ ಬರೆದಿಡಿ: ‘112, ಅಣ್ಣನ ಮೌನ’. ಬರೀ ಅಡಿಗೆರೆ ಎಳೆದರೆ ಯಾಕೆ ಎಳೆದದ್ದು ಅಂತ ಆಮೇಲೆ ನೆನಪಾಗಲ್ಲ. ಕಥೆ ಹೇಳೋದು ಮೊದಲ ಕಾಲುಭಾಗಕ್ಕೇ ನಿಲ್ಲಲಿ. ‘ಕೊನೆಯಲ್ಲಿ ದೊಡ್ಡ ತಿರುವಿದೆ’ ಅನ್ನಲೇಬೇಡಿ, ಓದುಗ ಅದನ್ನೇ ಕಾಯುತ್ತಾ ಕೂರುತ್ತಾನೆ.

ಉತ್ತರ 2: ಕಥೆ ಯಾರ ಬಾಯಲ್ಲಿದೆ ಅನ್ನೋದೇ ನನಗೆ ಮುಖ್ಯ. ‘ನಾನು’ ಎನ್ನುವ ಪಾತ್ರಕ್ಕೆ ತಾನಿಲ್ಲದ ಕೋಣೆಯ ಮಾತು ಗೊತ್ತಿದ್ದರೆ, ಅದು ದೋಷವೋ ಬೇಕೆಂದೇ ಹೇಳಿದ ಸುಳ್ಳೋ ಅಂತ ಆ ಪುಟಕ್ಕೆ ಮರಳಿ ನೋಡಿ.

ಉತ್ತರ 3: ಅನುವಾದವಾದರೆ ಅನುವಾದಕರ ಹೆಸರು ಬರೆಯಲೇಬೇಕು. ಸಂಭಾಷಣೆಯನ್ನು ಗಟ್ಟಿಯಾಗಿ ಓದಿ, ತೊಡಕು ಕಿವಿಗೇ ಸಿಗುತ್ತೆ.