ಸಿಟ್ಟು ಬಂದ್ರ ಕೈ ನಡುಗ್ತಾವ, ಬಿಪಿ 168 ಬಂದದ, ಏನ್ ಮಾಡ್ಲಿ?

ಗಂಜ್_ಗುಮಾಸ್ತ (ರಾಯಚೂರು)

ಎಲ್ಲರಿಗೂ ನಮಸ್ಕಾರ್ರಿ. ಭಾಳ ದಿನದಿಂದ ಇಲ್ಲಿ ಬರೇ ಓದಿ ಹೋಗ್ತಿದ್ದೆ, ಇವತ್ತು ಬರೀಲಿಕ್ಕೆ ಕುಂತೀನಿ. ವಯಸ್ಸು 44, ಗಂಜ್‌ನ್ಯಾಗ ಒಂದು ದಲಾಲಿ ಅಂಗಡಿಯೊಳಗ ಗುಮಾಸ್ತ, 19 ವರ್ಷ ಆತು. ಹತ್ತಿ ಸೀಸನ್ ಅಂದ್ರ ನಿಮಗ ಗೊತ್ತೇ ಅದ, ಬೆಳಿಗ್ಗೆ ಗಾಡಿ ಸಾಲು ಹಚ್ಚಿದ್ರ ರಾತ್ರಿ ಪಟ್ಟಿ ಬರೆದು ಮುಗಿಸೋತನಕ ರೈತ್ರು ಒಂದು ಕಡೆ ಎಳೀತಾರ, ಹಮಾಲ್ರು ಒಂದು ಕಡೆ, ಸಾಹುಕಾರ್ರು ಮತ್ತೊಂದು ಕಡೆ.

ಮೊದ್ಲಿಂದ ನನಗ ಮೂಗಿನ ತುದಿಗೇ ಸಿಟ್ಟು. ಆದ್ರ ಈ ವರ್ಷ ಯಾಕೋ ತಡ್ಕೊಳ್ಳಿಕ್ಕೇ ಆಗವಲ್ದು. ಹೋದ ವಾರ ತೂಕದ ಹತ್ರ ಒಬ್ಬ ಹಮಾಲಗ ಹೆಂಗ ಒದರಿದೆ ಅಂದ್ರ ಆಚಿ ಅಂಗಡಿಯವ್ರು ಎದ್ದು ಬಂದು ನಿಂತ್ರು. ತಪ್ಪು ಅವಂದಲ್ಲ, ಚೀಟಿ ನಾನೇ ತಪ್ಪು ಬರೆದಿದ್ದೆ. ಆಮ್ಯಾಲೆ ಪೆನ್ ಹಿಡೀಲಿಕ್ಕೆ ಹೋದ್ರ ಬೆರಳು ನಡುಗ್ತಾವ, ಎದಿ ಡವಡವ, ಕಿವಿ ಬಿಸಿ ಬಿಸಿ. ಬಾಜೂಕಿನ ಮೆಡಿಕಲ್ ಶಾಪ್‌ನ್ಯಾಗ ಬಿಪಿ ನೋಡಿಸಿದ್ರ 168/104.

ಮನ್ಯಾಗಿಂದು ಹೇಳಲಿಕ್ಕೆ ನಾಚಿಕಿ ಆಗ್ತದ. ದೀಪಾವಳಿ ಆಜೂಬಾಜೂ ಒಂದಿನ ರಾತ್ರಿ ಸಾರು ಆರ್ಯಾದ ಅಂತ ನೀರಿನ ತಂಬಿಗಿ ಬೀಸಿ ಒಗೆದೆ. ಯಾರಿಗೂ ಬಡೀಲಿಲ್ಲ, ಗ್ವಾಡಿಗೆ ಬಡೀತು, ತಳ ನೆಗ್ಗಿ ಹೋತು. ಈಗ ಅದನ್ನ ನೆಲದ ಮ್ಯಾಲೆ ಇಟ್ರ ಟಕ್ ಟಕ್ ಅಂತ ಅಲ್ಲಾಡ್ತದ. ನಮ್ಮನಿಯಾಕಿ ದಿನಾ ಊಟಕ್ಕ ಅದೇ ತಂಬಿಗಿಯೊಳಗ ನೀರು ತಂದು ನನ್ನ ಬಾಜೂಕ ಇಡ್ತಾಳ. ಒಂದು ಮಾತೂ ಅನ್ನಂಗಿಲ್ಲ.

ಕೇಳೋದು ಏನಂದ್ರ, ಸಿಟ್ಟಿನಿಂದ ಖರೇನೇ ಬಿಪಿ, ಹಾರ್ಟಿನ ತ್ರಾಸು ಬರ್ತದೇನು ಇಲ್ಲಾ ಆ ಹೊತ್ತಿಗಷ್ಟೇ ಏರಿ ಇಳೀತದೋ? ಗುಳಿಗಿ ಒಮ್ಮೆ ಶುರು ಮಾಡಿದ್ರ ಸಾಯೋತನಕ ಬಿಡಂಗಿಲ್ಲ ಅಂತಾರ, ಅದೊಂದು ಹೆದರಿಕಿ. ದಯವಿಟ್ಟು ವಚನ ಬರೆದು ಹೋಗಬ್ಯಾಡ್ರಿ, ನಮ್ಮನ್ಯಾಗ ಫ್ರೇಮ್ ಹಾಕ್ಸಿ ಗ್ವಾಡಿಗೆ ಹಚ್ಚೀವಿ, ಅದರ ಕೆಳಗ ನಿಂತೇ ಒದರ್ತೀನಿ.

ಖಡಕ್_ಹುಡುಗ

ಕಾಕಾ ಒಂದು ಪಂಚಿಂಗ್ ಬ್ಯಾಗ್ ತಂದು ಮಾಳಿಗಿ ಮ್ಯಾಲೆ ತೂಗ್ಹಾಕ್ರಿ, ಸಿಟ್ಟು ಬಂದಾಗ ಹತ್ತು ನಿಮಿಷ ಗುದ್ರಿ, ಎಲ್ಲಾ ಹೊರಗ ಹೋಗ್ತದ. ನಾ ಜಿಮ್‌ನ್ಯಾಗ ಅದೇ ಮಾಡ್ತೀನಿ. ಒಳಗ ಇಟ್ಕೊಂಡ್ರ ಕುಕ್ಕರ್ ಸಿಡದಂಗ ಸಿಡೀತೀರಿ.

ಶರಣು_ಶರಣಾರ್ಥಿ

ಖಾರ ಬಿಡ್ರಿ ಮೊದ್ಲು. ನಮ್ಮ ಕಡೆ ಮಂದಿ ತಿನ್ನೋ ಖಾರಕ್ಕ ಸಿಟ್ಟು ಬರದೇ ಇನ್ನೇನು ಬರ್ತದ.

ಬಳ್ಳಾರಿ_ಸಿಸ್ಟರ್

ಅಣ್ಣಾರೆ, ನಾನು ಸ್ಟಾಫ್ ನರ್ಸು, 14 ವರ್ಷದ ಸರ್ವಿಸು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗಬೇಡ್ರಿ.

ಮೊದಲು ಖಾರದ ವಿಷ್ಯ. ಖಾರ ತಿಂದ್ರೆ ಸಿಟ್ಟು ಬರ್ತದೆ ಅನ್ನೋಕೆ ಗಟ್ಟಿ ಆಧಾರ ಇಲ್ಲ. ಉಪ್ಪಿಗೂ ಬಿಪಿಗೂ ಮಾತ್ರ ಬಹಳ ಸಂಬಂಧ ಐತೆ. ದಿನಕ್ಕೆ ಎಲ್ಲಾ ಸೇರಿ 5 ಗ್ರಾಂ ಒಳಗೆ ಅಂತಾರೆ, ಅಂದ್ರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಜೆ ಮಿರ್ಚಿ, ಇವುಗಳಲ್ಲೇ ಅರ್ಧ ಮುಗಿದು ಹೋಗತೈತೆ.

ಈಗ ನಿಮ್ಮ ಕೈ ಯಾಕೆ ನಡುಗಿದ್ವು ಅಂದ್ರೆ, ಸಿಟ್ಟು ಬಂದ ಕೂಡಲೇ ಕಿಡ್ನಿ ಮೇಲಿರೋ ಅಡ್ರಿನಲ್ ಗ್ರಂಥಿಯಿಂದ ಅಡ್ರಿನಲಿನ್ ರಕ್ತಕ್ಕೆ ಬೀಳ್ತದೆ, ಹಿಂದೇನೇ ಕಾರ್ಟಿಸಾಲ್ ಅನ್ನೋ ಇನ್ನೊಂದು ಹಾರ್ಮೋನು. ಎದೆ ಬಡಿತ ಜೋರಾಗ್ತದೆ, ರಕ್ತನಾಳ ಬಿಗಿ ಆಗ್ತಾವೆ, ಲಿವರು ಸಕ್ಕರೆ ಬಿಡ್ತದೆ, ರಕ್ತ ಹೆಪ್ಪುಗಟ್ಟೋ ಗುಣಾನೂ ಹೆಚ್ಚಾಗ್ತದೆ. ಹುಲಿ ಎದುರಿಗೆ ಬಂದ್ರೆ ಓಡೋಕೋ ಹೊಡೆದಾಡೋಕೋ ದೇಹ ಮಾಡ್ಕೊಂಡಿರೋ ತಯಾರಿ ಅದು. ನೀವು ಓಡಲಿಲ್ಲ, ಹೊಡೀಲಿಲ್ಲ, ಪಟ್ಟಿ ಬರೆಯೋಕೆ ಕುಂತ್ರಿ. ತಯಾರಿ ಎಲ್ಲಾ ಬೆರಳಿಗೆ ಬಂತು.

ಆ ಹೊತ್ತಿಗಷ್ಟೇನಾ ಅಂದ್ರಲ್ಲ, ಅಲ್ಲ. ಅಮೆರಿಕದಲ್ಲಿ 280 ಜನ ಆರೋಗ್ಯವಂತರ ಮೇಲೆ ಮಾಡಿದ ಒಂದು ಪರೀಕ್ಷೆಯ ವರದಿ 2024ರಲ್ಲಿ ಬಂತು. ಅದರಲ್ಲಿ ಒಂದು ಗುಂಪಿಗೆ ಬರೇ 8 ನಿಮಿಷ, ಹಿಂದೆ ಸಿಟ್ಟು ಬಂದ ಘಟನೆ ನೆನಪು ಮಾಡ್ಕೊಳ್ಳಿ ಅಂದ್ರು. ಅಷ್ಟಕ್ಕೇ ಅವರ ರಕ್ತನಾಳ ಹಿಗ್ಗೋ ಶಕ್ತಿ ಕಡಿಮೆ ಆಗಿ, 40 ನಿಮಿಷದವರೆಗೂ ಹಂಗೇ ಇತ್ತು. ದುಃಖದ್ದು, ಆತಂಕದ್ದು ನೆನಪು ಮಾಡ್ಕೊಂಡವರಿಗೆ ಹಂಗೆ ಆಗಲಿಲ್ಲ. ಅಂದ್ರೆ ಜಗಳ ಮುಗಿಸಿ ಮನೆಗೆ ಬಂದು ಅದನ್ನೇ ಮತ್ತೆ ಮತ್ತೆ ಮೆಲುಕು ಹಾಕೋದೈತಲ್ಲ, ಅದೂ ಲೆಕ್ಕಕ್ಕೆ ಬರ್ತದೆ. 2014ರಲ್ಲಿ ಹಳೇ ಅಧ್ಯಯನಗಳನ್ನೆಲ್ಲಾ ಸೇರಿಸಿ ನೋಡಿದಾಗ, ಸಿಟ್ಟು ಸಿಡಿದ 2 ಗಂಟೆ ಒಳಗೆ ಹಾರ್ಟ್ ಅಟ್ಯಾಕ್ ಸಾಧ್ಯತೆ ಹೆಚ್ಚುಕಮ್ಮಿ 5 ಪಟ್ಟು ಆಗಿತ್ತು. ಇದನ್ನೋದಿ ಗಾಬರಿ ಆಗಬೇಡ್ರಿ, ಆರೋಗ್ಯವಾಗಿರೋರಿಗೆ ಒಂದು ಸಲದ ಸಿಟ್ಟಿನಿಂದ ಆಗೋ ಅಪಾಯ ಸಣ್ಣದೇ. ಆದ್ರೆ ದಿನಕ್ಕೆ ನಾಲ್ಕು ಸಲ ಸಿಟ್ಟು, ಮೇಲೆ ಬಿಪಿ, ಶುಗರು, ಬೀಡಿ ಇದ್ರೆ ಕೂಡಿಕೊಂತ ಹೋಗ್ತದೆ.

ಆ 168 ನೋಡಿ ಬಿಪಿ ಐತೆ ಅಂತ ಹೇಳೋಕೆ ಬರಲ್ಲ, ಸಿಟ್ಟಿನ ಕೈಯಲ್ಲೇ ನೋಡಿಸಿದ್ದೀರಿ. ಒಂದು ವಾರ ಬೆಳಿಗ್ಗೆ ಸಂಜೆ ನೋಡ್ಕೊಳ್ರಿ. ನೋಡೋಕೆ ಅರ್ಧ ಗಂಟೆ ಮುಂಚೆ ಚಹಾ, ಬೀಡಿ ಬೇಡ. ಬೆನ್ನು ಆನಿಸಿ 5 ನಿಮಿಷ ಸುಮ್ಮನೆ ಕುಂತು, ಕೈ ಎದೆ ಮಟ್ಟಕ್ಕಿಟ್ಟು, ಮಾತಾಡದೆ ನೋಡ್ರಿ. ಮನೇಲಿ ಸರಾಸರಿ 135/85 ದಾಟಿದ್ರೆ ಡಾಕ್ಟ್ರ ಹತ್ರ ಹೋಗಲೇಬೇಕು. ಸರ್ಕಾರಿ ಆಸ್ಪತ್ರೇಲಿ ಬಿಪಿ, ಶುಗರ್ ನೋಡಿ ಗುಳಿಗಿ ಕೊಡ್ತಾರೆ. ಜೀವನಪೂರ್ತಿ ತಗೊಳೋ ಗುಳಿಗಿಗೆ ಹೆದರಿದವರನ್ನ ನಾನು ಸ್ಟ್ರೋಕ್ ವಾರ್ಡಲ್ಲಿ ಬಹಳ ನೋಡೀನಿ ಅಣ್ಣಾರೆ. ಎದೆನೋವು ಎಡಗೈಗೋ ದವಡೆಗೋ ಹರಿದು ಬೆವರು ಬಂದ್ರೆ, ಬಾಯಿ ಸೊಟ್ಟಾದ್ರೆ, ಮಾತು ತೊದಲಿದ್ರೆ ಗ್ಯಾಸು ಅಂತ ಸೋಡಾ ಕುಡಿಬೇಡ್ರಿ, 108ಕ್ಕೆ ಫೋನ್ ಮಾಡ್ರಿ.

ಜಿಮ್ ಹುಡುಗಾ, ನಿನಗೂ ಒಂದು ಮಾತು. ಗುದ್ದಿದ್ರೆ ಸಿಟ್ಟು ಹೊರಗೆ ಹೋಗತೈತೆ ಅನ್ನೋದು ಸುಳ್ಳು. 154 ಅಧ್ಯಯನ, ಹತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ತೆಗೆದು 2024ರಲ್ಲೇ ನೋಡ್ಯಾರೆ. ದೇಹ ಕಾಯಿಸೋ ಕೆಲಸದಿಂದ ಸಿಟ್ಟು ಇಳಿಯಲ್ಲ, ದೇಹ ತಣ್ಣಗೆ ಮಾಡೋದ್ರಿಂದ ಇಳಿಯತೈತೆ. ಉಸಿರಾಟ, ಧ್ಯಾನ, ಮೈ ಸಡಿಲ ಬಿಡೋದು, ಇಂಥವು. ವ್ಯಾಯಾಮ ಹೃದಯಕ್ಕೆ ಒಳ್ಳೇದು, ಬಿಡಬೇಡ. ಆದ್ರೆ ಸಿಟ್ಟಿನ ಮೇಲೆ ಗುದ್ದಿದ್ರೆ ಗುದ್ದೋದೇ ರೂಢಿ ಆಗ್ತದೆ.

ಖಡಕ್_ಹುಡುಗ

ಓಕೆ ಸಿಸ್ಟರ್. ಆದ್ರೂ ಗುದ್ದಿದಾಗ ಮಜಾ ಬರ್ತದ ರೀ.

ಹತ್ತಿಹೂವು (ಸಿಂಧನೂರು)

ಮಜಾ ಬರತೈತಿ, ಅದಕ್ಕೇ ಎಲ್ಲಾರೂ ಒದರ್ತಾರ ತಮ್ಮಾ.

ಗುಮಾಸ್ತ ಅಣ್ಣಾರ, ನಾ ಒಂದು ಕೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ಹಮಾಲ್ರಿಗೆ ಒದರಿದ್ದು ಬರೆದೀರಿ, ಮನಿಯಾಗ ತಂಬಿಗಿ ಒಗೆದಿದ್ದು ಬರೆದೀರಿ. 19 ವರ್ಷದಾಗ ನಿಮ್ಮ ಸಾಹುಕಾರ್ರ ಮುಂದ ಎಷ್ಟು ತಂಬಿಗಿ ಒಗೆದೀರಿ? ಒಂದೂ ಇಲ್ಲ ಅಂತ ನನಗ ಗೊತ್ತು. ಹಂಗಾದ್ರ ತಡ್ಕೊಳ್ಳಾಕ ಆಗವಲ್ದು ಅನ್ನೋದು ಸುಳ್ಳಾತಲ್ಲ. ಅಲ್ಲಿ ಬರೋಬ್ಬರಿ ತಡ್ಕೊಂತೀರಿ. ನಮ್ಮ ತುಂಗಭದ್ರಾ ಎಡದಂಡೆ ಕಾಲುವಿ ನೀರು ಮಾನ್ವಿ ಸಿರವಾರ ಕೊನೀ ಭಾಗಕ್ಕ ಮುಟ್ಟಂಗಿಲ್ಲ ಅಂತ ವರ್ಷಾ ಗದ್ದಲ ನಡೀತತಿ, ಸಿಟ್ಟು ಮಾತ್ರ ಒಂದು ಹನಿ ಸೋರದಂಗ ಕೊನೀಗೆ ಮುಟ್ತತಿ ನೋಡ್ರಿ. ಸಾಹುಕಾರ್ರಿಂದ ನಿಮಗ, ನಿಮ್ಮಿಂದ ಹಮಾಲಗ, ಮನಿಯಾಕಿಗೆ, ಆಕಿಯಿಂದ ಹುಡುಗ್ರಿಗೆ.

ನುಂಗೋದು ಒಳ್ಳೇದು ಅಂತ ಹೇಳವಲ್ಲೆ. ನಾ ಹದಿನೈದು ವರ್ಷ ನುಂಗೀನಿ, ತಲಿನೋವು, ಆಸಿಡಿಟಿ, ರಾತ್ರಿ ಎರಡಕ್ಕ ಎಚ್ಚರ ಆದ್ರ ಮತ್ತ ನಿದ್ದಿಲ್ಲ. ನುಂಗಿದ್ದು ಎಲ್ಲಿಗೂ ಹೋಗಂಗಿಲ್ಲ. ಈಗ ಏನ್ ಮಾಡ್ತೀನಂದ್ರ, ಸಿಟ್ಟಿನಾಗ ಮಾತಾಡಂಗಿಲ್ಲ, ಮರುದಿನ ಚಹಾ ಕುಡಿಯೋವಾಗ ಒಂದೇ ಒಂದು ವಿಷಯ ತಗೊಂಡು ಹೇಳ್ತೀನಿ. ಹಳೇ ಗಂಟು ಬಿಚ್ಚಂಗಿಲ್ಲ. "ನಿನ್ನೆ ಮಂದಿ ಮುಂದ ಹಂಗ ಅಂದಿದ್ದು ನನಗ ಬ್ಯಾಸರಾತು", ಅಷ್ಟೇ. "ನೀವು ಯಾವಾಗ್ಲೂ ಹಿಂಗೇ" ಅಂದ್ವಿ ಅಂದ್ರ ಮುಗೀತು, ಇನ್ನೊಂದು ಜಗಳ. ನಿಮಗ ಬೇಕಾಗಿದ್ದು ಬಿಸಿ ಸಾರು. "ಸಾರು ಒಂದೀಟು ಬಿಸಿ ಮಾಡ್ಕೊಡು" ಅನ್ನಾಕ ಬಿಪಿ ಏರಿಸ್ಕೊಳ್ಳೋದು ಬ್ಯಾಡ.

ಇನ್ನೊಂದು. ಇವತ್ತು ಗ್ವಾಡಿಗೆ ಬಡಿದೈತಿ. ಮೈಮ್ಯಾಲೆ ಬಡಿದ್ರ ಅದು ಸಿಟ್ಟಿನ ರೋಗ ಅಲ್ಲ, ಬ್ಯಾರೇನೇ. ಇದನ್ನ ಓದೋ ಅಕ್ಕತಂಗ್ಯಾರಿಗೂ ಹೇಳ್ತೀನಿ, 181 ಅಂತ ಮಹಿಳಾ ಸಹಾಯವಾಣಿ ಐತಿ.

ನಿವೃತ್ತ_ಡ್ರೈವರ್ (ಕೊಪ್ಪಳ)

ಆ ತಂಗಿ ಹೇಳಿದ್ದು ನನಗೂ ಚುಚ್ಚಿತು. ತಮ್ಮಾ, ನಾ 31 ವರ್ಷ ಬಸ್ಸು ಹೊಡದವ. ಸ್ಟೇರಿಂಗ್ ಹಿಡಿದ್ರ ನಮ್ಮ ಬಾಯಾಗ ಬರೋ ಮಾತು ಇಲ್ಲಿ ಬರೆದ್ರ ನನ್ನ ಹೊರಗ ಹಾಕ್ತಾರ. ಹಿಂದ ಒಬ್ರು ಡಿಪೋ ಮ್ಯಾನೇಜರ್ ಇದ್ರು, ನನ್ನ ಮ್ಯಾಲೆ ಕಂಪ್ಲೇಂಟ್ ಬಂದಾಗ ಬೈಲಿಲ್ಲ, ಒಂದು ಸಣ್ಣ ನೋಟ್‌ಬುಕ್ ಕೊಟ್ಟು, ಸಿಟ್ಟು ಬಂದಾಗೆಲ್ಲ ಟೈಮು, ಜಾಗ ಬರೀರಿ ಅಂದ್ರು. ಹುಚ್ಚ ಅದಾರ ಅನಿಸ್ತು. ಬರೆದೆ. "ಗಿಣಿಗೇರಿ ಕ್ರಾಸ್, 1:40, ಟ್ರ್ಯಾಕ್ಟರ್." "ಬಸ್ ಸ್ಟ್ಯಾಂಡ್, 1:15, ಚಿಲ್ಲರೆ." ಎರಡು ವಾರಕ್ಕ 11 ಆದ್ವು, ಅದ್ರಾಗ 8 ಊಟಕ್ಕಿಂತ ಮೊದ್ಲು! ಉಳಿದಿದ್ದು ನೈಟ್ ಡ್ಯೂಟಿ ಮಾಡಿ ನಿದ್ದಿ ಇಲ್ಲದ ದಿನ. ನಾ ಟ್ರ್ಯಾಕ್ಟರಿನವನ್ನ ಬೈತಿದ್ದೆ, ಹಸಿದಿದ್ದು ನನ್ನ ಹೊಟ್ಟಿ. ಅವತ್ತಿನಿಂದ ಸೀಟಿನ ಬಾಜೂಕ ಎರಡು ಬಾಳೆಹಣ್ಣು, ನೀರಿನ ಬಾಟ್ಲಿ ಇಟ್ಕೊಳ್ಳಾಕ ಹತ್ತಿದೆ. ಸಿಟ್ಟು ಹೋತು ಅನ್ನಂಗಿಲ್ಲ, ಅರ್ಧ ಆತು.

ಇನ್ನ ಬಂದೇ ಬಿಟ್ಟಾಗ ಏನು ಅಂದ್ರ, ಬಸ್ಸಿನ ಏರ್ ಬ್ರೇಕ್ ಬಿಟ್ಟಾಗ ಸೊಯ್ಯಂತ ಗಾಳಿ ಹೋಗ್ತತಲ್ಲ, ಹಂಗ ಉಸಿರು ಬಿಡೋದು. ತಗೊಳ್ಳೋವಾಗ ಮನಸ್ಸಿನಾಗ ನಾಕು ಎಣಿಸು, ಬಿಡೋವಾಗ ಎಂಟು. ಹತ್ತು ಸಲ. ಸಿಟ್ಟು ಬಂದಾಗ ಕಲೀತೀನಿ ಅಂದ್ರ ಆಗಂಗಿಲ್ಲ, ದಿನಾ ಸುಮ್ನ ಇದ್ದಾಗ ಮಾಡಿರಬೇಕು. ಬ್ರೇಕ್ ಚೆಕ್ ಮಾಡೋದು ಡಿಪೋದಾಗ, ಘಾಟಿನಾಗ ಅಲ್ಲ.

ಬಳ್ಳಾರಿ_ಸಿಸ್ಟರ್

ಕಾಕಾರು ಹೇಳಿದ್ದು ಸರಿ ಐತೆ. ಉಸಿರು ಉದ್ದಕ್ಕೆ ಬಿಟ್ಟಾಗ ಮಿದುಳಿನಿಂದ ಹೃದಯಕ್ಕೆ ಹೋಗೋ ವೇಗಸ್ ನರ ಕೆಲಸ ಮಾಡಿ ಎದೆ ಬಡಿತ ನಿಧಾನ ಆಗ್ತದೆ. ಮುಖಕ್ಕೆ ತಣ್ಣೀರು ಚೆಲ್ಲಿಕೊಂಡ್ರೂ ಅದೇ. ಜಗಳದ ನಡುವೆ ಎದ್ದು ಹೋಗೋದಿದ್ರೆ "ಅರ್ಧ ತಾಸು ಬಿಟ್ಟು ಬರ್ತೀನಿ, ಆಮೇಲೆ ಮಾತಾಡೋಣ" ಅಂತ ಹೇಳಿ ಹೋಗ್ರಿ, ಬಾಗಿಲು ಧಡಾರ್ ಅನ್ನಿಸಿ ಹೋಗೋದಲ್ಲ. ಮತ್ತೆ ಈ ವರ್ಷವೇ ಯಾಕೆ ಹೆಚ್ಚಾಗೈತೆ ಅಂತ ಡಾಕ್ಟ್ರಿಗೆ ಹೇಳ್ರಿ. ಥೈರಾಯ್ಡ್ ಹೆಚ್ಚಾದ್ರೂ, ನಿದ್ದೆ ಕೆಟ್ರೂ ಸಿಡಿಮಿಡಿ ಆಗ್ತದೆ. ಗಂಡಸರಿಗೆ ಖಿನ್ನತೆ ಎಷ್ಟೋ ಸಲ ಅಳುವಾಗಿ ಬರಲ್ಲ, ಸಿಟ್ಟಾಗಿ ಬರ್ತದೆ. ಎದುರಿಗೆ ಕುಂತು ಹೇಳೋಕೆ ಸಂಕೋಚ ಆದ್ರೆ 14416, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ, 24 ತಾಸು, ಕನ್ನಡದಲ್ಲೇ ಮಾತಾಡಬಹುದು.

ಗಂಜ್_ಗುಮಾಸ್ತ (ರಾಯಚೂರು)

ಇಪ್ಪತ್ತೈದು ದಿನ ಆದ ಮ್ಯಾಲೆ ಬರೀಲಿಕ್ಕೆ ಹತ್ತೀನಿ, ತಡ ಆತು. ಸಿಂಧನೂರು ಅಕ್ಕಾರು ಬರೆದಿದ್ದು ಓದಿ ಎರಡು ದಿನ ಸಿಟ್ಟೇ ಬಂದಿತ್ತು, ಖರೇ ಹೇಳ್ತೀನಿ.

ಸಿಸ್ಟರ್ ಹೇಳಿದಂಗ ಮಶೀನ್ ತಂದು ವಾರ ನೋಡಿದೆ, ಸರಾಸರಿ 148/94. ಡಾಕ್ಟ್ರು ದಿನಕ್ಕ ಒಂದು ಗುಳಿಗಿ ಕೊಟ್ಟಾರ, ಶುಗರ್, ಥೈರಾಯ್ಡ್ ಸರಿ ಅದ. ಡ್ರೈವರ್ ಕಾಕಾರ ನೋಟ್‌ಬುಕ್ಕೂ ಮಾಡಿದೆ. ಟೆಂಡರ್ ದಿನ, ಮಧ್ಯಾಹ್ನ 2ರಿಂದ 4, ಬೆಳಿಗ್ಗೆ ತಿಂದ ಮಂಡಾಳ ಒಗ್ಗರಣಿ ಮ್ಯಾಲೆ ಬರೇ ಚಹಾ, ಒಂದಿನ ಎಣಿಸಿದ್ರ ಆರು ಕಪ್. ಈಗ ಒಂದೂವರಿಗೆ ಎರಡು ರೊಟ್ಟಿ ತಿಂದೇ ಕುಂದರ್ತೀನಿ, ಸಾಹುಕಾರ್ರು ಗೊಣಗಲಿ.

ಆ ಹಮಾಲಗ ಅದೇ ಮಂದಿ ಮುಂದ ತಪ್ಪು ನಂದು ಅಂತ ಹೇಳ್ದೆ. ಅಂವ "ಬಿಡ್ರಿ ಗುಮಾಸ್ತ್ರೇ, ನಿಮ್ದು ಯಾವಾಗ್ಲೂ ಇರೋದೇ" ಅಂದ. ಬೈದಿದ್ರ ಪಾಡಿತ್ತು. ಹೋದ ಗುರುವಾರ ಮತ್ತ ಒದರೀನಿ, ಮಗನ ಮ್ಯಾಲೆ, ಮೊಬೈಲ್ ಸಲುವಾಗಿ. ಅರ್ಧಕ್ಕ ನಿಲ್ಲಿಸಿ, ಹೇಳಿಯೇ ಹೊರಗ ಹೋದೆ, ಓಣಿ ಎರಡು ಸುತ್ತು ಹಾಕಿ ಬಂದೆ. ಹೊಸ ತಂಬಿಗಿ ತರ್ತೀನಿ ಅಂದ್ರ ನಮ್ಮನಿಯಾಕಿ ಇರ್ಲಿ ಬಿಡ್ರಿ ಅಂದ್ಲು.

ಇನ್ನೊಂದು ಕೇಳೋದದ ಸಿಸ್ಟರ್. ಮಶೀನ್ ಮನ್ಯಾಗಿತ್ತು ಅಂತ ಆಕೀದೂ ನೋಡಿದೆ, 152/96 ಬಂತು. ಎರಡು ಸಲ ನೋಡಿದೆ. ಆಕಿ ತನಗ ಏನೂ ತ್ರಾಸಿಲ್ಲ, ತಲಿನೋವೂ ಇಲ್ಲ ಅಂತಾಳ. ತೋಳಿಗೆ ಸುತ್ತೋ ಪಟ್ಟಿ ಸಣ್ಣದಾದ್ರ ಹೆಚ್ಚು ತೋರಿಸ್ತದಂತಲ್ಲ, ಹಂಗೇನಾರ ಇರಬಹುದಾ?

ಬಳ್ಳಾರಿ_ಸಿಸ್ಟರ್

ಪಟ್ಟಿ ಸಣ್ಣದಾದ್ರೆ ಹೆಚ್ಚು ತೋರಿಸೋದು ಖರೇ. ಆದ್ರೆ ಅದೇ ಪಟ್ಟಿ ನಿಮ್ಮ ಕೈಗೆ ಸರಿ ಆಗಿದ್ರೆ, ವೈನಿಯವರ ತೋಳು ನಿಮ್ಮದಕ್ಕಿಂತ ದಪ್ಪ ಇಲ್ಲಾಂದ್ರೆ ಅವರಿಗೆ ಸಣ್ಣದಾಗೋದು ಕಷ್ಟ ಅಣ್ಣಾರೆ. ಬಿಪಿಗೆ ತ್ರಾಸು ಇರಲೇಬೇಕು ಅಂತಿಲ್ಲ, ಬಹಳ ಜನಕ್ಕೆ ಏನೂ ಗೊತ್ತಾಗಲ್ಲ. ಅವರದೂ ಒಂದು ವಾರ ಬೆಳಿಗ್ಗೆ ಸಂಜೆ ನೋಡಿ ಬರೆದಿಡ್ರಿ, ನಿಮ್ಮ ಗುಳಿಗಿ ಮಾತ್ರ ಅವರಿಗೆ ಕೊಡಬೇಡ್ರಿ. ಮುಂದಿನ ಸಲ ಡಾಕ್ಟ್ರ ಹತ್ರ ಹೋಗೋವಾಗ ಇಬ್ಬರೂ ಹೋಗ್ರಿ. ಮನೇಲಿ ಅವರ ಬಿಪಿ ನೋಡೋವಾಗ ನೀವು ಆ ರೂಮಲ್ಲಿ ಇರಬೇಡ್ರಿ, ಮಗನ ಕೈಲಿ ನೋಡಿಸ್ರಿ.