ದಾರಿಯಲ್ಲಿ ಸಡಿಲ, ಮನೆಗೆ ಬಂದ ಮೇಲೆ ಕಗ್ಗಂಟು: ಯಾವ ಗಂಟು ಕಲಿಯಲಿ?

ಎಂಟುಗಂಟು ಕೇಳಿದ್ದು:

ನಮಸ್ಕಾರ. ನಗಬೇಡಿ, ನಿಜವಾಗಲೂ ಕೇಳುತ್ತಿದ್ದೇನೆ.

ಹೋದ ಭಾನುವಾರ ಯಶವಂತಪುರದಿಂದ ತುಮಕೂರಿಗೆ ಮನೆ ಬದಲಿಸಿದೆವು. ಒಂದು ಚಿಕ್ಕ ಗೂಡ್ಸ್ ಗಾಡಿ. ಬೀರು, ಮಂಚ, ಎರಡು ಹಾಸಿಗೆ, ವಾಷಿಂಗ್ ಮಷಿನ್, ಅಮ್ಮನ ತುಳಸಿ ಕುಂಡ. ಡ್ರೈವರ್ "ಹಗ್ಗ ಹಿಂದಿದೆ, ಕಟ್ಕೊಳ್ಳಿ ಸಾರ್" ಅಂದು ಟೀ ಕುಡಿಯಲು ಹೋದರು. ನಾನೇ ಕಟ್ಟಿದೆ. ನೀಲಿ ಪ್ಲಾಸ್ಟಿಕ್ ಹಗ್ಗ, ಎಂಟು ಗಂಟು. ಹಾಕುವಾಗ ಎಣಿಸಿದ್ದೆ.

ನೆಲಮಂಗಲ ದಾಟುವಷ್ಟರಲ್ಲಿ ಹಗ್ಗ ಜೋತು ಬಿದ್ದಿತ್ತು. ಬೀರು ವಾಲಿ ಮಷಿನ್ ಮೇಲೆ ಒರಗಿಕೊಂಡಿತ್ತು. ಉಳಿದ ದಾರಿ ಪೂರ್ತಿ ನಾನು ಹಿಂದೆ ನಿಂತು ಬೀರು ತಬ್ಬಿಕೊಂಡೇ ಬಂದೆ. ಇನ್ನು ತುಮಕೂರಿನಲ್ಲಿ ಇಳಿಸಲು ಹೋದರೆ, ಅದೇ ಎಂಟು ಗಂಟುಗಳಲ್ಲಿ ಒಂದೂ ಬಿಚ್ಚಲಿಲ್ಲ. ಚಾಕು ಯಾವ ಡಬ್ಬದಲ್ಲಿದೆ ಅಂತ ಹುಡುಕಿ, ಕುಯ್ದು ಇಳಿಸಿದೆವು. ಅಮ್ಮ ಅಲ್ಲೇ ನಿಂತು "ನಿನಗೆ ಶೂ ಲೇಸ್ ಕಟ್ಟೋಕೂ ನೆಟ್ಟಗೆ ಬರಲ್ಲ" ಅಂದರು.

ವಿಡಿಯೋ ನೋಡೋಣ ಅಂದರೆ ನೂರಾರು ಗಂಟು ತೋರಿಸುತ್ತಾರೆ. ಸಾಮಾನ್ಯ ಮನುಷ್ಯನಿಗೆ ನಾಲ್ಕೈದು ಸಾಕಲ್ವಾ? ಯಾವುವು?

---

ಬೆಲ್ಟ್‌ಭಕ್ತ:

ಹಗ್ಗದ ಸಹವಾಸವೇ ಬೇಡ. ರ‍್ಯಾಚೆಟ್ ಬೆಲ್ಟ್ ಒಂದು ಜೊತೆ ತಗೊಳ್ಳಿ. ಟಕ ಟಕ ಅಂತ ಬಿಗಿಯುತ್ತದೆ, ಒತ್ತಿದರೆ ಬಿಡುತ್ತದೆ. ಗಂಟಿನ ತಲೆನೋವೇ ಇಲ್ಲ.

---

ಹಳೇ ಕ್ಲೀನರ್:

ಬೆಲ್ಟ್ ಒಳ್ಳೆಯದೇ. ಆದರೆ ಬೇಕಾದ ದಿನ ಬೆಲ್ಟ್ ಮನೆಯಲ್ಲಿರುತ್ತದೆ, ಗಾಡಿಯಲ್ಲಿ ಇರುವುದು ಹಗ್ಗ.

ನಾನು 1991ರಲ್ಲಿ ಚಳ್ಳಕೆರೆಯಲ್ಲಿ ಲಾರಿಗೆ ಕ್ಲೀನರ್ ಆಗಿ ಹತ್ತಿದವನು. ಆಗ ಹದಿನಾರು ವರ್ಷ. ಎಣ್ಣೆ ಮಿಲ್ಲಿನಿಂದ ಶೇಂಗಾ ಹಿಂಡಿ ಮೂಟೆ ತುಂಬಿಕೊಂಡು ಹಾಸನ, ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು ಮಂಗಳೂರಿಗೆ. ಮೊದಲ ಟ್ರಿಪ್ಪಿನಲ್ಲಿ ನಾನೂ ನಿಮ್ಮ ಹಾಗೇ ಗಂಟಿನ ಮೇಲೆ ಗಂಟು ಬಿಗಿದಿದ್ದೆ. ಇಳಿಸುವ ಜಾಗದಲ್ಲಿ ಹಮಾಲಿಗಳು ಐದು ನಿಮಿಷ ಕಾದರು. ಆಮೇಲೆ ಒಬ್ಬ ಕತ್ತಿ ತಂದು ಕುಯ್ದೇಬಿಟ್ಟ. ಹೊಸ ಹಗ್ಗ ಅದು. ಅದರ ದುಡ್ಡನ್ನು ನನ್ನ ಬಾಟಾದಲ್ಲಿ, ಅಂದರೆ ದಾರಿ ಖರ್ಚಿನ ಭತ್ಯೆಯಲ್ಲಿ, ಮುರಿದುಕೊಂಡರು. ಅವತ್ತಿನಿಂದ ನಮ್ಮ ಡ್ರೈವರಣ್ಣ ನನಗೆ ಯಾವ ಗಂಟು ಕಲಿಸಿದರೂ ಮೊದಲು ಕೇಳುತ್ತಿದ್ದುದು, "ಇದನ್ನ ಹೆಂಗ್ ಬಿಚ್ತೀಯ ತೋರ್ಸು" ಅಂತ. ಹಾಕುವುದು ಆಮೇಲೆ.

ನಿಮ್ಮ ಕೇಸಿನಲ್ಲಿ ಆಗಿದ್ದು ಹೇಳ್ತೀನಿ. ನಿಮ್ಮ ಗಂಟು ಜಾರಲಿಲ್ಲ. ಜಾರಿದ್ದರೆ ಕೊನೆಗೆ ಬಿಚ್ಚಲು ಬರುತ್ತಿತ್ತು. ಹಾಸಿಗೆ ಕುಂತುಕೊಂಡಿತು, ಅಷ್ಟೇ. ನಾಲ್ಕು ಹಳ್ಳ ಹಾರಿದ ಮೇಲೆ ಸಾಮಾನು ಎರಡು ಮೂರು ಇಂಚು ಇಳಿಯುತ್ತದೆ. ಹಗ್ಗ ಅಷ್ಟು ಸಡಿಲ ಆಗುತ್ತದೆ. ಆಮೇಲೆ ಗಾಡಿ ಕುಲುಕಿದಾಗಲೆಲ್ಲ ಸಡಿಲ ಹಗ್ಗಕ್ಕೆ ಜಗ್ಗು ಬಿದ್ದು ಗಂಟು ಮಾತ್ರ ಗಟ್ಟಿ ಆಗುತ್ತಾ ಹೋಗುತ್ತದೆ. ನೀವು ಹದಿನಾರು ಗಂಟು ಹಾಕಿದ್ದರೂ ಬೀರು ತಬ್ಬಿಕೊಂಡೇ ಬರುತ್ತಿದ್ದಿರಿ.

ಬೇಕಾಗಿದ್ದುದು ಲಾರಿ ಗಂಟು. ನಿಧಾನಕ್ಕೆ ಓದಿ, ಕೈಯಲ್ಲಿ ಒಂದು ದಾರ ಇಟ್ಟುಕೊಳ್ಳಿ.

ಹಗ್ಗದ ಒಂದು ತುದಿಯನ್ನು ಗಾಡಿಯ ಆ ಬದಿಯ ಹುಕ್ಕಿಗೆ ಎರಡು ಸುತ್ತು ಸುತ್ತಿ, ಎರಡು ಅರೆಗಂಟು ಹಾಕಿ (ತುದಿಯನ್ನು ಬಿಗಿ ಹಗ್ಗದ ಸುತ್ತ ತಂದು, ಆದ ಸುತ್ತಿನೊಳಗೆ ತೂರಿಸಿ ಎಳೆದರೆ ಅದು ಒಂದು ಅರೆಗಂಟು). ಎರಡು ಸುತ್ತು ಮುಖ್ಯ. ಭಾರವನ್ನು ಸುತ್ತು ಹೊರುತ್ತದೆ, ಗಂಟಿಗೆ ಕೆಲಸ ಕಡಿಮೆ, ಅದಕ್ಕೇ ಆಮೇಲೆ ಸುಲಭವಾಗಿ ಬಿಡುತ್ತದೆ. ಈಗ ಹಗ್ಗವನ್ನು ಸಾಮಾನಿನ ಮೇಲೆ ಎಸೆದು ಈ ಬದಿಗೆ ಬನ್ನಿ. ಮೇಲಿಂದ ಇಳಿದ ಹಗ್ಗದಲ್ಲಿ ನಿಮ್ಮ ಎದೆಮಟ್ಟಕ್ಕೆ ಒಂದು ಸಣ್ಣ ಸುತ್ತು ಮಾಡಿ. ಕೆಳಗೆ, ತುದಿಯ ಕಡೆ ಇರುವ ಹಗ್ಗವನ್ನು ಮಡಿಸಿ, ಆ ಮಡಿಕೆಯನ್ನು ಸುತ್ತಿನೊಳಗೆ ತೂರಿಸಿ ಎಳೆಯಿರಿ. ತುದಿಯನ್ನೇ ತೂರಿಸಬೇಡಿ, ಮಡಿಕೆ ಮಾತ್ರ. ಒಂದು ಕುಣಿಕೆ ಬಂತಲ್ವಾ? ಮೇಲಿನ ಹಗ್ಗ ಜಗ್ಗಿ ನೋಡಿ. ಕುಣಿಕೆ ಚಿಕ್ಕದಾಗುತ್ತಾ ಹೋದರೆ ಉಲ್ಟಾ ಮಾಡಿದ್ದೀರಿ, ಬಿಚ್ಚಿ ಮತ್ತೆ ಮಾಡಿ.

ಈಗ ತುದಿಯನ್ನು ಕೆಳಗಿನ ಹುಕ್ಕಿನಡಿ ಹಾಕಿ, ಮೇಲೆ ತಂದು, ಕುಣಿಕೆಯೊಳಗೆ ತೂರಿಸಿ, ಮೈಭಾರ ಬಿಟ್ಟು ಕೆಳಕ್ಕೆ ಎಳೆಯಿರಿ. ರಾಟೆಯ ಲೆಕ್ಕ ಇದು. ಲೆಕ್ಕದ ಪ್ರಕಾರ ನಿಮ್ಮ ಬಲ ಮೂರು ಪಟ್ಟು ಆಗಬೇಕು. ಹಗ್ಗಕ್ಕೆ ಹಗ್ಗ ಉಜ್ಜಿ ಅದರಲ್ಲಿ ಒಂದಷ್ಟು ಹೋಗುತ್ತದೆ, ಆದರೂ ಬರಿ ಕೈಯಲ್ಲಿ ಜಗ್ಗಿದ್ದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಎಳೆದದ್ದನ್ನು ಕುಣಿಕೆಯ ಹತ್ತಿರ ಎಡಗೈಯಲ್ಲಿ ಗಟ್ಟಿ ಹಿಡಿದು, ಅದರ ಕೆಳಗೆ ಎರಡು ಅರೆಗಂಟು. ಕೊನೆಯ ಅರೆಗಂಟಿನಲ್ಲೂ ತುದಿ ಬೇಡ, ಮಡಿಕೆ ತೂರಿಸಿ. ಇಳಿಸುವಾಗ ತುದಿ ಎಳೆದರೆ ಅದು ಸರ್ ಅಂತ ಬಿಡುತ್ತದೆ. ಉಳಿದ ಒಂದು ಅರೆಗಂಟು ಬೆರಳಿಗೇ ಬರುತ್ತದೆ.

ಡ್ರೈವರಣ್ಣ ಬಿಗಿದ ಹಗ್ಗವನ್ನು ಬೆರಳಲ್ಲಿ ಮೀಟಿ ನೋಡುತ್ತಿದ್ದರು. ಟಣ್ ಅನ್ನಬೇಕು. ದಬ್ ಅಂದರೆ ಮತ್ತೆ ಮೊದಲಿಂದ.

ಇಷ್ಟೆಲ್ಲ ಮಾಡಿದರೂ ಹೊರಟು ಹತ್ತು ಹದಿನೈದು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಬಿಗಿಯಲೇಬೇಕು. ಘಾಟಿ ಇಳಿಯುವ ಮುಂಚೆ ಸಕಲೇಶಪುರದಲ್ಲಿ ಟೀ ಕುಡಿಯುವುದು ನೆಪ, ಹಗ್ಗ ನೋಡುವುದೇ ಕೆಲಸ. ಮಳೆಗಾಲದಲ್ಲಿ ಇನ್ನೂ ಹುಷಾರು. ನೈಲಾನ್ ಹಗ್ಗ ನೆಂದರೆ ಹಿಗ್ಗುತ್ತದೆ. ನಾರಿನ ಹಗ್ಗ ಉಲ್ಟಾ, ನೆಂದರೆ ಕುಗ್ಗಿ ಬಿಗಿಯಾಗುತ್ತದೆ, ಒಣಗಿದ ಮೇಲೆ ಸಡಿಲ. ನಿಮ್ಮ ನೀಲಿ ಪ್ಲಾಸ್ಟಿಕ್ ಹಗ್ಗ ನೀರು ಕುಡಿಯುವುದಿಲ್ಲ, ಆದರೆ ನುಣುಪು ಜಾಸ್ತಿ, ಬಿಸಿಲಿಗೆ ಬೇಗ ಹಾಳು. ಕೈಯಲ್ಲಿ ಉಜ್ಜಿದಾಗ ಪುಡಿ ಉದುರಿದರೆ ಎಸೆದುಬಿಡಿ.

ಇನ್ನು ಶೂ ಲೇಸ್. ಅಮ್ಮ ಸುಮ್ನೆ ಹೇಳಿರಲ್ಲ. ನಿಮ್ಮ ಶೂ ಮೇಲಿನ ಬೋ ಪಾದಕ್ಕೆ ಅಡ್ಡ ಕೂತಿದೆಯೋ, ಉದ್ದಕ್ಕೆ ತಿರುಗಿದೆಯೋ ನೋಡಿ ಹೇಳಿ.

---

ಕೊಟ್ಟಿಗೆಮನೆ:

ಕ್ಲೀನರಣ್ಣ ಹೇಳಿದ್ದು ಲೋಡಿಗೆ. ಜೀವ ಇರುವುದನ್ನು ಕಟ್ಟುವುದು ಬೇರೆ. ನಾವು ತಿಪಟೂರು ಕಡೆಯವರು, ಐದು ಹಸು ಇವೆ.

ಮೂರು ವರ್ಷದ ಹಿಂದೆ ಊರಿಗೆ ಬಂದ ನೆಂಟರ ಹುಡುಗ ಸಹಾಯ ಮಾಡುತ್ತೇನೆ ಅಂತ ಕರುವಿನ ಕುತ್ತಿಗೆಗೆ ಜೀರುಗುಣಿಕೆ ಹಾಕಿ ಗೂಟಕ್ಕೆ ಕಟ್ಟಿದ್ದ. ಎಳೆದಷ್ಟೂ ಬಿಗಿಯುವ ಕುಣಿಕೆ. ರಾತ್ರಿ ಕರು ಗೂಟ ಸುತ್ತಿಕೊಂಡು ಮುಗ್ಗರಿಸಿದೆ. ನನಗೆ ಎಚ್ಚರ ಆಗಿದ್ದು ತಾಯಿ ಹಸು ಕೂಗಿದ್ದಕ್ಕೆ. ಹೋಗಿ ನೋಡಿದರೆ ನಾಲಿಗೆ ಹೊರಗೆ. ಕುಡುಗೋಲಿನಲ್ಲಿ ಹಗ್ಗ ಕುಯ್ದೆ, ಬದುಕಿತು. ಕುತ್ತಿಗೆಗೆ, ಸೊಂಟಕ್ಕೆ, ಮನುಷ್ಯರಿಗೆ, ದನಕ್ಕೆ ಜೀರುಗುಣಿಕೆ ಹಾಕಲೇಬಾರದು.

ಅದಕ್ಕೆ ಬೇಕಾದ್ದು ಜಾರದ ಕುಣಿಕೆ. ಬೌಲೈನ್ ಅನ್ನುತ್ತಾರೆ. ಸ್ಕೂಲಿನಲ್ಲಿ ಸ್ಕೌಟ್ ಮೇಷ್ಟ್ರು ಮೊಲದ ಕಥೆ ಹೇಳಿ ಕಲಿಸಿದ್ದರು. ನಾನು ಮಗಳಿಗೆ ಹಾವಿನ ಕಥೆ ಮಾಡಿ ಹೇಳಿದೆ, ಬೇಗ ಹಿಡಿದಳು. ಉದ್ದ ಹಗ್ಗ ಮರ. ಅದರ ಬುಡದಲ್ಲಿ ಒಂದು ಸಣ್ಣ ಸುತ್ತು, ಅದು ಹುತ್ತ. ಸುತ್ತು ಮಾಡುವಾಗ ತುದಿಯ ಕಡೆಯ ಹಗ್ಗ ಉದ್ದ ಹಗ್ಗದ ಮೇಲೆ ಬರಬೇಕು, ಕೆಳಗಲ್ಲ. ತುದಿ ಹಾವು. ಹಾವು ಹುತ್ತದ ಒಳಗಿಂದ ಮೇಲೆ ಬಂತು, ಮರದ ಹಿಂದೆ ಸುತ್ತಿತು, ಬಂದ ಹುತ್ತದೊಳಗೇ ಇಳಿಯಿತು. ಈಗ ಮರ ಎಳೆದು ಬಿಗಿ ಮಾಡಿ. ಕುಣಿಕೆ ಎಷ್ಟಿತ್ತೋ ಅಷ್ಟೇ ಇರುತ್ತದೆ. ಎಷ್ಟು ಜಗ್ಗಿದ್ದರೂ ಆಮೇಲೆ ಬಿಚ್ಚಲು ಬರುತ್ತದೆ. ಯಾರಾದರೂ ಬಾವಿಗೆ ಬಿದ್ದರೆ ಕಂಕುಳಡಿ ಹಾಕಿ ಎತ್ತುವುದಕ್ಕೂ ಇದೇ. ಒಂದೇ ಗಂಟು ಕಲಿಯುತ್ತೀರಾದರೆ ಲಾರಿ ಗಂಟಲ್ಲ, ಇದನ್ನು ಕಲಿಯಿರಿ. ಕ್ಲೀನರಣ್ಣ ಬೇಜಾರು ಮಾಡಿಕೊಳ್ಳಬಾರದು.

ಎರಡು ಎಚ್ಚರಿಕೆ. ಭಾರ ಜಗ್ಗುತ್ತಿರುವಾಗ ಇದನ್ನು ಬಿಚ್ಚಲು ಆಗುವುದಿಲ್ಲ. ಗಡುಸು ಪ್ಲಾಸ್ಟಿಕ್ ಹಗ್ಗದಲ್ಲಿ ಭಾರವಿಲ್ಲದೆ ಅಲ್ಲಾಡುತ್ತಿದ್ದರೆ ತಾನೇ ಸಡಿಲ ಆಗಬಹುದು. ಒಂದು ಗೇಣು ತುದಿ ಉಳಿಸಿ, ಅದನ್ನು ಕುಣಿಕೆಯ ಹಗ್ಗಕ್ಕೆ ಇನ್ನೊಂದು ಸಲ ಕಟ್ಟಿಬಿಡಿ.

ಗೂಟದ ಕಡೆ ಮಾತ್ರ ಕೊನೆಗೆ ಮಡಿಕೆ ತೂರಿಸಿದ, ತುದಿ ಎಳೆದರೆ ಬಿಚ್ಚುವ ಗಂಟು ಇರಬೇಕು. ಹಸು ಬಿದ್ದರೆ, ಕೊಟ್ಟಿಗೆಗೆ ಬೆಂಕಿ ಬಿದ್ದರೆ ಒಂದೇ ಎಳೆತಕ್ಕೆ ಬಿಡಬೇಕು. ನಮ್ಮ ಗೌರಿ ಅಂತ ಒಬ್ಬಳಿದ್ದಾಳೆ. ಅವಳು ಆ ತುದಿಯನ್ನು ನಾಲಿಗೆಯಲ್ಲಿ ಎಳೆದುಕೊಂಡು ಬಿಚ್ಚಿ ಪಕ್ಕದವರ ಹುರುಳಿ ಹೊಲಕ್ಕೆ ಹೋಗಿ ಬಂದಿದ್ದಾಳೆ, ಎರಡು ಸಲ. ಈಗ ತುದಿಯನ್ನು ಆ ಮಡಿಕೆಯೊಳಗೇ ಒಮ್ಮೆ ತೂರಿಸಿ ಬಿಡುತ್ತೇನೆ. ಅವಳಿಗೆ ಇನ್ನೂ ಗೊತ್ತಾಗಿಲ್ಲ.

---

ಬಲೆಪೊಳಿ:

ಮಲ್ಪೆಯಿಂದ. ಎರಡು ಹಗ್ಗ ಜೋಡಿಸುವುದನ್ನು ಯಾರೂ ಹೇಳಲಿಲ್ಲ. ಸುಮಾರು ಜನ ಅದಕ್ಕೆ ಸಾದಾ ಜೋಡಿಗಂಟು, ಅಂದರೆ ಒಂದರ ಮೇಲೊಂದು ಎರಡು ಗಂಟು, ಹಾಕುತ್ತಾರೆ. ಒಂದು ದಪ್ಪ, ಒಂದು ಸಣ್ಣ ಆದರೆ ಅದು ಜಾರಿ ಕೈಕೊಡುತ್ತದೆ.

ದಪ್ಪ ಹಗ್ಗವನ್ನು ಮಡಿಸಿ ಹಿಡಿಯಿರಿ. ಸಣ್ಣ ಹಗ್ಗದ ತುದಿ ಮಡಿಕೆಯೊಳಗಿಂದ ಮೇಲೆ ಬರಲಿ, ದಪ್ಪ ಹಗ್ಗದ ಎರಡೂ ಕಾಲುಗಳನ್ನು ಹಿಂದಿನಿಂದ ಸುತ್ತಲಿ, ಮುಂದೆ ಬಂದು ತನ್ನದೇ ಹಗ್ಗದ ಕೆಳಗೆ ನುಸುಳಲಿ. ಮತ್ತೆ ಮಡಿಕೆಯೊಳಗೆ ಹೋಗಬಾರದು. ಎರಡು ಮೋಟು ತುದಿಗಳೂ ಒಂದೇ ಬದಿಗೆ ಬರಬೇಕು. ನುಣುಪು ಹಗ್ಗವಾದರೆ ಎರಡು ಸುತ್ತು ಸುತ್ತಿ.

ಬಲೆಯ ಕಣ್ಣು ಕಣ್ಣಿನಲ್ಲೂ ಇರುವುದು ಇದೇ ಗಂಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಆಗ ದಡದಲ್ಲಿ ಕೂತು ದಿನವಿಡೀ ಬಲೆ ರಿಪೇರಿ. ಲೆಕ್ಕ ಇಟ್ಟವರಿಲ್ಲ ಎಷ್ಟು ಹಾಕುತ್ತೇವೆ ಅಂತ. ಮಗ್ಗದವರು ನೂಲು ತುಂಡಾದಾಗ ಹಾಕುವ ಗಂಟೂ ಇದೇ ಜಾತಿ. ಒಮ್ಮೆ ಇಳಕಲ್ಲಿಗೆ ಹೋದಾಗ ನೇಕಾರರೊಬ್ಬರು ಎರಡು ಬೆರಳಲ್ಲಿ ಅದನ್ನು ಹಾಕಿದ್ದನ್ನು ನೋಡಿದೆ. ನನಗೆ ಕಾಣಿಸಲೇ ಇಲ್ಲ, ಅಷ್ಟು ಬೇಗ.

---

ಬಂಡೆಹುಳ:

ರಾಮನಗರ, ಬದಾಮಿಯಲ್ಲಿ ಬಂಡೆ ಹತ್ತುವವನು. ನಮ್ಮದು ಎಂಟರ ಗಂಟು. ಇಂಗ್ಲಿಷಿನ 8 ಬರೆದ ಹಾಗೆ ಹಾಕಿ, ಸೊಂಟದ ಹಾರ್ನೆಸ್‌ಗೆ ತೂರಿಸಿ, ತುದಿಯನ್ನು ಅದೇ ದಾರಿಯಲ್ಲಿ ವಾಪಸ್ ತರುವುದು. ಬೌಲೈನಿಗಿಂತ ಬಿಚ್ಚಲು ಕಷ್ಟ. ಆದರೆ ಸರಿ ಇದೆಯೋ ಇಲ್ಲವೋ ಅಂತ ಜೊತೆಗಾರ ದೂರದಿಂದಲೇ ನೋಡಿ ಹೇಳಬಹುದು, ಅದಕ್ಕೇ ಇದು.

ಹೇಳಬೇಕಾದ್ದು ಇನ್ನೊಂದಿದೆ. ಗಂಟು ಬಿದ್ದ ಜಾಗದಲ್ಲಿ ಹಗ್ಗ ಬಾಗುವುದರಿಂದ ಬಲ ಕಡಿಮೆಯಾಗುತ್ತದೆ. ಎಷ್ಟು ಕಡಿಮೆ ಅನ್ನುವುದು ಯಾವ ಗಂಟು ಅನ್ನುವುದರ ಮೇಲೆ ಹೋಗುತ್ತದೆ, ಕೆಲವು ಗಂಟಿನಲ್ಲಿ ಅರ್ಧದಷ್ಟೇ ಬಲ ಉಳಿಯುತ್ತದೆ. ಹಾಗಾಗಿ ಗೂಡ್ಸ್ ಗಾಡಿಯ ಹಗ್ಗದಲ್ಲಿ ಯಾವ ಗಂಟು ಹಾಕಿಯೂ ಮನುಷ್ಯರು ನೇತಾಡಬೇಡಿ. ಟ್ಯಾಂಕ್ ತೊಳೆಯಲು, ಗೋಡೆಗೆ ಬಣ್ಣ ಹೊಡೆಯಲು ಅಂತ ಇಳಿಯುವವರನ್ನು ನೋಡಿದಾಗ ಎದೆ ಝಲ್ ಅನ್ನುತ್ತದೆ.

---

ಎಂಟುಗಂಟು:

ಎಲ್ಲರಿಗೂ ಥ್ಯಾಂಕ್ಸ್. ಮೂರು ದಿನದಿಂದ ಮೀಟಿಂಗ್ ನಡೆಯುವಾಗ ಕ್ಯಾಮೆರಾ ಆಫ್ ಮಾಡಿ ಕಿಟಕಿ ಸರಳಿಗೆ ಗಂಟು ಹಾಕುತ್ತಿದ್ದೇನೆ. ಹಾವಿನ ಕಥೆ ಬಂತು. ಲಾರಿ ಗಂಟು ನಾಲ್ಕನೇ ಸಲಕ್ಕೆ ಬಂತು. ಮೊದಲ ಮೂರು ಸಲ ಕುಣಿಕೆ ಉಲ್ಟಾ.

ಕ್ಲೀನರಣ್ಣ, ಶೂ ನೋಡಿದೆ. ಬೋ ಉದ್ದಕ್ಕೆ ತಿರುಗಿದೆ. ಇದೇನು?

---

ಹಳೇ ಕ್ಲೀನರ್:

ಅದೇ ಅಂದುಕೊಂಡೆ. ಎರಡು ಸಲವೂ ಒಂದೇ ಕಡೆಯಿಂದ ಸುತ್ತುತ್ತಿದ್ದೀರಿ. ಮೊದಲ ಸಲ ಎಡಗಡೆಯದು ಬಲದ ಮೇಲೆ ಹೋದರೆ, ಎರಡನೇ ಸಲ ಬಲಗಡೆಯದು ಎಡದ ಮೇಲೆ ಹೋಗಬೇಕು. ಆಗ ಬೋ ಅಡ್ಡ ಕೂರುತ್ತದೆ, ಬೇಗ ಬಿಚ್ಚಿಕೊಳ್ಳುವುದಿಲ್ಲ. ಪೇಪರ್ ಕಟ್ಟು, ಸೊಪ್ಪಿನ ಕಟ್ಟು, ಗಾಯಕ್ಕೆ ಸುತ್ತಿದ ಬಟ್ಟೆ, ಎಲ್ಲಕ್ಕೂ ಹೀಗೆ ಹಾಕಿದ ಜೋಡಿಗಂಟು ಸಾಕು. ಭಾರ ಎಳೆಯುವ ಎರಡು ಹಗ್ಗಕ್ಕೆ ಮಾತ್ರ ಬೇಡ, ಮಲ್ಪೆಯವರು ಹೇಳಿದ ಹಾಗೆ.

ಕೊಟ್ಟಿಗೆಮನೆ ಅಕ್ಕನಿಗೆ: ಬೇಜಾರೇನಿಲ್ಲ. ನನಗೆ ಬೌಲೈನ್ ಬರುತ್ತಿರಲಿಲ್ಲ. ನಿಮ್ಮ ಹುತ್ತದ ಕಥೆ ಓದಿ ನಿನ್ನೆ ಕಲಿತೆ.

---

ಎಂಟುಗಂಟು:

ಶೂ ಅಡ್ಡ ಬಂತು! ಮೂವತ್ತೊಂದು ವರ್ಷದ ಮೇಲೆ. ಅಮ್ಮನಿಗೆ ಹೇಳಿಲ್ಲ.

ಕೊನೆಯ ಪ್ರಶ್ನೆ. ಹೊಸ ಮನೆಯ ಟೆರೇಸಿನಲ್ಲಿ ಬಟ್ಟೆ ಒಣಹಾಕಲು ನೈಲಾನ್ ಹಗ್ಗ ಕಟ್ಟಿದ್ದೇನೆ. ಒದ್ದೆ ಬೆಡ್‌ಶೀಟ್ ಹಾಕಿದರೆ ನೆಲ ಗುಡಿಸುತ್ತದೆ. ಯಾವ ಗಂಟು?

---

ಹಳೇ ಕ್ಲೀನರ್:

ಅದಕ್ಕೂ ಲಾರಿ ಗಂಟೇ. ಒಂದು ಕಂಬಕ್ಕೆ ಎರಡು ಸುತ್ತು, ಎರಡು ಅರೆಗಂಟು. ಇನ್ನೊಂದು ಕಂಬದ ಹತ್ತಿರ ಕುಣಿಕೆ. ಕುಣಿಕೆಯನ್ನು ಕಂಬದಿಂದ ಮೂರು ಅಡಿ ದೂರ ಮಾಡಿ, ಹತ್ತಿರ ಮಾಡಿದರೆ ಎಳೆಯಲು ಜಾಗ ಸಿಗುವುದಿಲ್ಲ. ನೈಲಾನ್ ಆದ್ದರಿಂದ ಮೊದಲ ವಾರ ಹಿಗ್ಗುತ್ತಲೇ ಇರುತ್ತದೆ, ಎರಡು ದಿನಕ್ಕೊಮ್ಮೆ ಬಿಚ್ಚಿ ಬಿಗಿಯಿರಿ.

ನಾನು ಲಾರಿ ಮಾರಿ ಆರು ವರ್ಷ ಆಯಿತು. ಈಗ ಕಟ್ಟುವ ಲೋಡು ಅದೊಂದೇ, ಮನೆಯ ಬಟ್ಟೆ ಹಗ್ಗ. ನಮ್ಮ ಮನೆಯವಳು ಬಕೆಟ್ ಕೆಳಗಿಟ್ಟು ಮೊದಲು ಬೆರಳಲ್ಲಿ ಮೀಟಿ ನೋಡುತ್ತಾಳೆ. ದಬ್ ಅಂದರೆ ನನ್ನನ್ನು ಕರೆಯುತ್ತಾಳೆ.