ಮಾಡೆಲಿಂಗ್ ಅಕೌಸ್ಟಿಕ್ ಗಿಟಾರ್ ವೇದಿಕೆಗೆ ಒಗ್ಗುತ್ತದೆಯೇ? ವೇರಿಯಾಕ್ಸ್ ಬಲ್ಲವರು ಹೇಳಿ

ಪ್ರಶ್ನೆ: ಸುಗಮ ಸಂಗೀತ ತಂಡದಲ್ಲಿ ಗಿಟಾರ್ ನುಡಿಸುತ್ತೇನೆ. ಲೈನ್ 6 ಕಂಪನಿಯ ವೇರಿಯಾಕ್ಸ್ ಅಕೌಸ್ಟಿಕ್ 700 ಸೆಕೆಂಡ್ ಹ್ಯಾಂಡ್ ಸಿಕ್ಕಿದೆ. ಇದು ಮಾಡೆಲಿಂಗ್ ಗಿಟಾರ್, ಅಂದರೆ ಬೇರೆಬೇರೆ ಗಿಟಾರ್‌ಗಳ ನಾದವನ್ನು ಎಲೆಕ್ಟ್ರಾನಿಕ್ ಆಗಿ ಅನುಕರಿಸುತ್ತದೆ. ತಬಲಾ, ಕೀಬೋರ್ಡ್, ರಿದಮ್ ಪ್ಯಾಡ್ ಇರುವ ಬಯಲು ವೇದಿಕೆಗಳೇ ಹೆಚ್ಚು. ಸಾದಾ ಸ್ಟೀಲ್, ನೈಲಾನ್, 12 ತಂತಿ ಮೂರೂ ಬೇಕು. ಗಾಯಕರು ಬದಲಾದಂತೆ ಶ್ರುತಿಯೂ ಬದಲಾಗುತ್ತದೆ. ಆಂಪ್‌ಗೆ ಹಾಕಲೇ, ನೇರ ಮಿಕ್ಸರ್‌ಗೆ ಕೊಡಲೇ? ಏನೇನು ಕೈಕೊಡುತ್ತದೆ?

ಉತ್ತರ 1 (ವೇದಿಕೆ ವಾದಕ): ಮಿಕ್ಸರ್‌ಗೇ ಕೊಡಿ. ಎಲೆಕ್ಟ್ರಿಕ್ ಗಿಟಾರ್ ಆಂಪ್‌ನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಸದ್ದನ್ನು ಬಹುಪಾಲು ಬಿಟ್ಟುಬಿಡುತ್ತದೆ. ಅಕೌಸ್ಟಿಕ್ ಗಿಟಾರಿನ ಗರಿಗರಿ ಇರುವುದೇ ಅದರ ಮೇಲೆ, ಹಾಗಾಗಿ ಎಷ್ಟು ಒಳ್ಳೆಯ ಮಾಡೆಲ್ ಆರಿಸಿದರೂ ಮಂಕಾಗಿ ಕೇಳುತ್ತದೆ. ಡಿಐ ಬಾಕ್ಸ್ (ಗಿಟಾರ್ ಸಿಗ್ನಲ್ಲನ್ನು ಮಿಕ್ಸರ್‌ಗೆ ಹೊಂದಿಸುವ ಪೆಟ್ಟಿಗೆ) ಮೂಲಕ ಪಿಎಗೆ, ಅಂದರೆ ಸಭೆಯ ಸ್ಪೀಕರ್‌ಗಳಿಗೆ ಕಳಿಸಿ, ನಿಮ್ಮ ಮಾನಿಟರ್‌ಗೆ ಅದೇ ಸಿಗ್ನಲ್ ವಾಪಸ್ ತೆಗೆದುಕೊಳ್ಳಿ.

ಒಳಗೆ ನಡೆಯುವುದನ್ನು ತಿಳಿದುಕೊಂಡರೆ ಅರ್ಧ ತೊಂದರೆ ತಾನೇ ಅರ್ಥವಾಗುತ್ತದೆ. ಬ್ರಿಡ್ಜ್‌ನಲ್ಲಿ ತಂತಿಗೊಂದು ಪೀಜೋ ಸೆನ್ಸರ್ (ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವಂಥದ್ದು). ಆರು ಸಿಗ್ನಲ್‌ಗಳೂ ಪ್ರೊಸೆಸರ್‌ಗೆ ಬೇರೆಬೇರೆಯಾಗಿ ಹೋಗುತ್ತವೆ, ಮರದ ಒಡಲಿನ ನಾದವನ್ನು ಅದು ಲೆಕ್ಕಹಾಕಿ ಸೇರಿಸುತ್ತದೆ. ಆದ್ದರಿಂದ ಫೀಡ್‌ಬ್ಯಾಕ್ ಕಾಟ ಬಹಳ ಕಡಿಮೆ. ಬಯಲು ವೇದಿಕೆಗೆ ಇದೇ ದೊಡ್ಡ ಲಾಭ. ಆದರೆ ಗಿಟಾರಿನ ಮೈ ತಟ್ಟಿ ತಾಳ ಹಾಕುವ ಅಭ್ಯಾಸವಿದ್ದರೆ ಆ ಪೆಟ್ಟು ಹೊರಗೆ ಸರಿಯಾಗಿ ಕೇಳುವುದಿಲ್ಲ.

ಉತ್ತರ 2 (ಸೌಂಡ್ ಎಂಜಿನಿಯರ್): ಮೊದಲು 80ರಿಂದ 100 ಹರ್ಟ್ಸ್‌ನಲ್ಲಿ ಹೈಪಾಸ್ (ಅದಕ್ಕಿಂತ ಕೆಳಗಿನ ಸದ್ದು ತಡೆಯುವ ಫಿಲ್ಟರ್) ಹಾಕಿಸಿ. ತಬಲಾದ ಡಗ್ಗ ಇರುವ ಜಾಗದಲ್ಲಿ ಗಿಟಾರ್ ಗುಂಯ್‌ಗುಡುವುದು ಬೇಡ. ಇನ್ನೂ ದಪ್ಪ ಅನ್ನಿಸಿದರೆ 200–250 ಹರ್ಟ್ಸ್ ಹತ್ತಿರ 3 ಡಿಬಿ ತಗ್ಗಿಸಿ. ಪೀಜೋದ ಪ್ಲಾಸ್ಟಿಕ್ ಸದ್ದು ಸಾಮಾನ್ಯವಾಗಿ 2–3 ಕಿಲೋಹರ್ಟ್ಸ್ ನಡುವೆ ಸಿಗುತ್ತದೆ, ಅಲ್ಲೂ ಸ್ವಲ್ಪವೇ ಇಳಿಸಿ. ಗಿಟಾರಿನಲ್ಲೇ ಕಲ್ಪಿತ ಮೈಕ್‌ನ ಸ್ಥಾನ ಬದಲಿಸುವ ಕಂಟ್ರೋಲ್ ಇದೆ. ಮಿಕ್ಸರ್‌ನ ಇಕ್ಯೂ (ಏರಿಳಿಕೆ ಗುಬ್ಬಿಗಳು) ಮುಟ್ಟುವ ಮೊದಲು ಅದನ್ನು ತಿರುಗಿಸಿ ನೋಡಿ.

ದಯವಿಟ್ಟು ಸೌಂಡ್ ಚೆಕ್‌ನಲ್ಲಿ ಮೂರೂ ಮಾಡೆಲ್ ನುಡಿಸಿ ತೋರಿಸಿ. 12 ತಂತಿಯದು ಮುನ್ನುಗ್ಗಿ ಬರುತ್ತದೆ, ನೈಲಾನ್ ಹಿಂದೆ ಸರಿಯುತ್ತದೆ. ಒಂದಕ್ಕೆ ಮಾತ್ರ ಲೆವೆಲ್ ಇಟ್ಟರೆ ಎರಡನೇ ಹಾಡಿಗೇ ಗಾಯಕರ ದನಿ ಮುಚ್ಚಿಹೋಗುತ್ತದೆ. ಜನರೇಟರ್ ಲೈನಿನಲ್ಲಿ ಹಮ್ ಬಂದರೆ ಡಿಐಯ ಗ್ರೌಂಡ್ ಲಿಫ್ಟ್ (ಸಿಗ್ನಲ್ ಕೇಬಲ್‌ನ ಗ್ರೌಂಡ್ ಬಿಡಿಸುವ ಸ್ವಿಚ್) ಒತ್ತಿ. ಪ್ಲಗ್‌ನ ಅರ್ತ್ ಪಿನ್ ಮಾತ್ರ ಯಾವ ಕಾರಣಕ್ಕೂ ಕೀಳಬೇಡಿ, ಪ್ರಾಣಕ್ಕೆ ಅಪಾಯ.

ಉತ್ತರ 1, ಮತ್ತೆ: ಶ್ರುತಿ ವಿಷಯ. ಒಂದನೇ ಮನೆ ಅಂದರೆ ಸಿ, ಎರಡು ಅಂದರೆ ಡಿ. ವರ್ಚುವಲ್ ಟ್ಯೂನಿಂಗ್‌ನಲ್ಲಿ (ತಂತಿ ಮುಟ್ಟದೆ ಪ್ರೊಸೆಸರ್ ಶ್ರುತಿ ಬದಲಿಸುವುದು) ಅರ್ಧ, ಒಂದು ಮನೆ ಇಳಿಸಿದರೆ ಬೆರಳು ಬದಲಿಸದೆ ನುಡಿಸಬಹುದು. ಅದಕ್ಕಿಂತ ಹೆಚ್ಚು ಸರಿಸಿದಷ್ಟೂ ನಾದ ಕೃತಕವಾಗುತ್ತದೆ. ಏರಿಸುವುದಾದರೆ ನಿಜವಾದ ಕೇಪೋ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಹಾಕುವುದೇ ಮೇಲು.

ಇನ್ನೊಂದು ತೊಡಕು: ತಂತಿಗಳು ನಿಜದಲ್ಲಿ ಹಳೆಯ ಶ್ರುತಿಯಲ್ಲೇ ಮಿಡಿಯುತ್ತಿರುತ್ತವೆ. ಮಾನಿಟರ್ ಸಣ್ಣಗಿದ್ದರೆ ಎರಡೂ ಕಿವಿಗೆ ಬಿದ್ದು ಅಪಸ್ವರ ಅನ್ನಿಸುತ್ತದೆ. ಇನ್-ಇಯರ್ (ಕಿವಿಯೊಳಗಿನ ಮಾನಿಟರ್) ಹಾಕಿಕೊಂಡರೆ ಇದು ಬಹುಮಟ್ಟಿಗೆ ಹೋಗುತ್ತದೆ. ಶ್ರುತಿ ಮಾಡುವಾಗ ವರ್ಚುವಲ್ ಟ್ಯೂನಿಂಗ್ ಆಫ್ ಇರಲಿ.

ಉತ್ತರ 3 (ರಿಪೇರಿ ಕೆಲಸದವರು): ಸೆಕೆಂಡ್ ಹ್ಯಾಂಡ್ ಅಂದಿರಿ, ಹಾಗಾದರೆ ಮೊದಲು ಬ್ಯಾಟರಿ ಕೋಣೆ ತೆರೆದು ನೋಡಿ. ಆರು ಡಬಲ್-ಎ ಸೆಲ್. ಸೋರಿ ಹಸಿರುಗಟ್ಟಿದ್ದರೆ ಸ್ಪ್ರಿಂಗ್ ಉಜ್ಜಿ ಸ್ವಚ್ಛಗೊಳಿಸದೆ ಹೊಸ ಸೆಲ್ ಹಾಕಬೇಡಿ. ಜ್ಯಾಕ್ ಚುಚ್ಚಿದ್ದರೆ ಗಿಟಾರ್ ಆನ್ ಇದ್ದಂತೆಯೇ, ವಿರಾಮದಲ್ಲಿ ಕೇಬಲ್ ಕೀಳಿ. ಕೀಳುವ ಮೊದಲು ಮಿಕ್ಸರ್‌ನಲ್ಲಿ ಮ್ಯೂಟ್ ಮಾಡಿಸಿ.

ಎಕ್ಸ್‌ಪಿಎಸ್ ಬಾಕ್ಸ್ (ವೇರಿಯಾಕ್ಸ್‌ಗೆ ಕರೆಂಟ್ ಕೊಡುವ ಪೆಟ್ಟಿಗೆ) ಸಿಕ್ಕರೆ ಅದನ್ನೇ ಬಳಸಿ. ಗಿಟಾರಿನಿಂದ ಬಾಕ್ಸ್‌ಗೆ ಟಿಆರ್‌ಎಸ್ (ಮೂರು ಸಂಪರ್ಕಗಳ ಸ್ಟೀರಿಯೋ ಮಾದರಿಯ) ಕೇಬಲ್ ಬೇಕು, ಕರೆಂಟ್ ಹೋಗುವುದು ಅದರಲ್ಲೇ. ಸಾದಾ ಮೋನೋ ಕೇಬಲ್ ಹಾಕಿದರೆ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಅಮೆರಿಕದಿಂದ ಬಂದ ಅಡಾಪ್ಟರ್ ಆದರೆ ಮೇಲಿನ ಬರಹ ಓದಿ: ಬರೀ 120 ವೋಲ್ಟ್ ಅಂತಿದ್ದರೆ ನಮ್ಮ 230ಕ್ಕೆ ಚುಚ್ಚಿದ ಕೂಡಲೇ ಸುಡುತ್ತದೆ. ಬದಲಿ ತರುವಾಗ ಔಟ್‌ಪುಟ್ ಎಸಿಯೋ ಡಿಸಿಯೋ ಅನ್ನುವುದನ್ನೂ ಹೊಂದಿಸಿ.

ಒಂದು ತಂತಿ ಮಾತ್ರ ಕ್ಷೀಣವಾಗಿ ಕೇಳಿದರೆ ಹೆಚ್ಚಾಗಿ ಸ್ಯಾಡಲ್‌ನಲ್ಲಿ (ಬ್ರಿಡ್ಜ್ ಮೇಲೆ ತಂತಿ ಕೂರುವ ಜಾಗ) ಧೂಳು, ಇಲ್ಲವೇ ತಂತಿ ಸರಿಯಾಗಿ ಕೂತಿಲ್ಲ. ಒಣ ಬ್ರಷ್‌ನಿಂದ ಒರೆಸಿ, ಒಂದೊಂದೇ ತಂತಿ ಬದಲಿಸಿ.

ಉತ್ತರ 2: 12 ತಂತಿ ಮಾಡೆಲ್‌ನಲ್ಲಿ ಮೆಲ್ಲನೆ ಬಿಡಿಸಿ ನುಡಿಸಿದರೆ ಚೆನ್ನ. ಜೋರಾಗಿ ಬಾರಿಸಿದರೆ ಪ್ರೊಸೆಸರ್ ಸೇರಿಸಿದ ಆಕ್ಟೇವ್ (ಮೇಲಿನ ಸ್ಥಾಯಿಯ ಸ್ವರ) ನಡುಗುತ್ತದೆ, ಇಕ್ಯೂನಲ್ಲಿ ಅದು ಸರಿಹೋಗದು. ಇಡೀ ಹಾಡು ಸ್ಟ್ರಮಿಂಗ್ ಇದ್ದರೆ ಸ್ಟೀಲ್ ಮಾಡೆಲ್‌ನಲ್ಲೇ ಇರಿ.

ಉತ್ತರ 3: ಆರು ಹೊಸ ಆಲ್ಕಲೈನ್ ಸೆಲ್, ಒಂದು ಹೆಚ್ಚಿನ ಟಿಆರ್‌ಎಸ್, ಒಂದು ಮೋನೋ ಕೇಬಲ್ ಚೀಲದಲ್ಲಿರಲಿ. ಎಕ್ಸ್‌ಪಿಎಸ್ ಕೈಕೊಟ್ಟರೆ ಬ್ಯಾಟರಿ ಮತ್ತು ಮೋನೋ ಕೇಬಲ್‌ನಿಂದ ಡಿಐಗೆ ಹೋದರಾಯಿತು, ಹಾಡು ನಿಲ್ಲುವುದಿಲ್ಲ.